ಇಟಲಿಯ ಹಳೆ ಊಟದ ಮೇಜು: ಹಿತ್ತಾಳೆ ಉಜ್ಜುವ ಮುಂಚೆ ಇಷ್ಟು ಮಾಡಿ

ಹಿತ್ತಾಳೆ ಮಂಕಾಗಿದೆ ಅಂದರೆ ನಮ್ಮ ಕಡೆಯವರ ಕೈ ಸುಮ್ನೆ ಇರುವುದಿಲ್ಲ. ಒಂದು ಉಂಡೆ ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು, ಸ್ವಲ್ಪ ತೆಂಗಿನ ನಾರು. ಐದು ನಿಮಿಷದಲ್ಲಿ ಫಳಫಳ. ಬಿಂದಿಗೆಗೆ, ದೀಪದ ಕಂಬಕ್ಕೆ ಅದು ಸರಿ. ಇಟಲಿಯಲ್ಲಿ 1950ರ ಆಸುಪಾಸು ಮಾಡಿದ ಊಟದ ಮೇಜಿಗೆ ಅದನ್ನೇ ಮಾಡಿದಿರೋ, ಹಿತ್ತಾಳೆ ಹೊಳೆಯುತ್ತದೆ, ಪಕ್ಕದ ಮರ ಕಪ್ಪಾಗುತ್ತದೆ.

ನಮ್ಮದು ತುಮಕೂರಿನ ಮಂಡಿಪೇಟೆಯಲ್ಲಿ ಪಾತ್ರೆ ಮಾರುತ್ತಿದ್ದ ಮನೆತನ. ನಾನು ಮಾತ್ರ ಮರದ ಕೆಲಸ ಹಿಡಿದೆ. ಅಂತರಸನಹಳ್ಳಿ ಕಡೆ ಒಂದು ಶೆಡ್ಡಿನಲ್ಲಿ ಹಳೆ ಪೀಠೋಪಕರಣ ರಿಪೇರಿ ಮಾಡುತ್ತೇನೆ. ಬರುವುದೆಲ್ಲ ಹೆಚ್ಚಾಗಿ ನಮ್ಮ ತೇಗ, ಬೀಟೆ, ಹಲಸಿನ ಸಾಮಾನೇ. ಆಗೊಮ್ಮೆ ಈಗೊಮ್ಮೆ, ಹೊರದೇಶದ ನೌಕರಿ ಮುಗಿಸಿ ಮನೆ ಸಾಮಾನೆಲ್ಲ ಹಡಗಿನಲ್ಲಿ ತಂದವರೋ, ಬೆಂಗಳೂರಿನ ಫ್ಲ್ಯಾಟ್ ಮಾರಿ ಊರಿಗೆ ವಾಪಸ್ ಬಂದವರೋ ಇಂಥ ಮೇಜು ತೆಗೆದುಕೊಂಡು ಬರುತ್ತಾರೆ. ಈಗ ಶೆಡ್ಡಿನಲ್ಲಿರುವುದು ಎಸ್.ಎಸ್. ಪುರಂನ ಒಂದು ಮನೆಯದು. ವಾಲ್‌ನಟ್ ಮರ, ಕೆಳಗೆ ಹೋಗ್ತಾ ಹೋಗ್ತಾ ಸಣ್ಣಗಾಗುವ ನಾಲ್ಕು ಕಾಲು, ಕಾಲಿನ ತುದಿಗೆ ಹಿತ್ತಾಳೆ, ಹಲಗೆಯ ಸುತ್ತ ಬೆರಳಗಲದ ಹಿತ್ತಾಳೆ ಪಟ್ಟಿ. ಅದನ್ನೇ ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲ ಕೆಲಸ, ಮೇಜನ್ನು ಮಗುಚಿ ಹಾಕುವುದು. ನೆಲದ ಮೇಲೆ ಕಂಬಳಿ ಹಾಸಿ, ಇಬ್ಬರು ಹಿಡಿದು, ತಲೆಕೆಳಗಾಗಿ ಮಲಗಿಸಿ. ಎಳೆಯಬೇಡಿ, ಎತ್ತಿ. ಆ ಕಾಲದ ಇಟಲಿಯವರಿಗೆ ತೆಳುವಾದ ಕಾಲಿನ ಹುಚ್ಚು ಜಾಸ್ತಿ. ಮಿಲಾನಿನ ವಾಸ್ತುಶಿಲ್ಪಿ ಜಿಯೋ ಪೊಂಟಿ 1957ರಲ್ಲಿ ಕಸ್ಸೀನಾ ಕಂಪನಿಗೆ ಮಾಡಿಕೊಟ್ಟ ಸೂಪರ್‌ಲೆಜೇರಾ ಕುರ್ಚಿಯ ತೂಕ ಬರೀ 1.7 ಕಿಲೋ. ಮೇಜು ಅಷ್ಟು ಹಗುರ ಇರುವುದಿಲ್ಲ, ಆದರೆ ಕಾಲು ಅದೇ ಜಾತಿ. ಅಡ್ಡಡ್ಡ ಎಳೆದರೆ ಮೇಲಿನ ಕೂಡಿಕೆ ಸಡಿಲವಾಗುತ್ತದೆ.

ಮಗುಚಿದ ಮೇಲೆ ಟಾರ್ಚ್ ಹಾಕಿ ನಿಧಾನವಾಗಿ ನೋಡಿ. ಮೇಲ್ಭಾಗ ಎಲ್ಲರಿಗೂ ತೋರಿಸುವುದಕ್ಕೆ. ನಿಜ ಇರುವುದು ಹೊಟ್ಟೆಯಡಿ. ಸ್ಕ್ರೂ ತಲೆಯಲ್ಲಿ ಒಂದೇ ಸೀಳು ಇದೆಯಾ, ಪ್ಲಸ್ ಗುರುತು ಇದೆಯಾ? ಆ ಕಾಲದ ಮೇಜಿನಲ್ಲಿ ಸಾಮಾನ್ಯವಾಗಿ ಒಂದೇ ಸೀಳು. ಮೂರು ಹಳೇದು, ಒಂದು ಹೊಸದು ಅಂತಿದ್ದರೆ ಯಾರೋ ಆ ಕಾಲನ್ನು ಬಿಚ್ಚಿದ್ದಾರೆ ಅಂತ ಅರ್ಥ. ಖಾಲಿ ತೂತುಗಳಿದ್ದರೆ ಮೊದಲು ಅಲ್ಲಿ ಬೇರೆ ಏನೋ ಇತ್ತು. ಎಲ್ಲದರ ಫೋಟೋ ತೆಗೆದುಕೊಳ್ಳಿ. ಕಾಲಿಗೆ ಮತ್ತು ಅದು ಕೂರುವ ಜಾಗಕ್ಕೆ ಪೆನ್ಸಿಲಿನಲ್ಲಿ ಒಂದೇ ನಂಬರ್ ಹಾಕಿ. ಒಂದನೇ ಕಾಲು ಮೂರನೇ ಜಾಗಕ್ಕೆ ಸರಿಯಾಗಿ ಕೂರಲ್ಲ, ಕೈಯಲ್ಲಿ ಮಾಡಿದ ಕೆಲಸ ಅಲ್ವಾ.

ಹೆಸರಿನ ವಿಚಾರ ಇಲ್ಲೇ ಹೇಳಿಬಿಡುತ್ತೇನೆ. ಮಾರುವವರ ಬಾಯಲ್ಲಿ ಹಿತ್ತಾಳೆ ಕಾಲಿನ ಮೇಜೆಲ್ಲ ಪೊಂಟಿಯದೇ. ಅಲ್ಲದಿದ್ದರೆ ಇಕೋ ಪರೀಸಿ, ಪಾವ್ಲೋ ಬುಫ್ಫಾ, ಓಸ್ವಾಲ್ಡೋ ಬೊರ್ಸಾನಿ. ಇವರೆಲ್ಲ ನಿಜವಾಗಿ ಆ ಕಾಲದ ದೊಡ್ಡ ವಿನ್ಯಾಸಕಾರರೇ. ಆದರೆ ಮಿಲಾನಿನ ಉತ್ತರಕ್ಕೆ ಬ್ರಿಯಾನ್ಜಾ ಅಂತ ಒಂದು ಸೀಮೆ. ಕಾಂತೂ, ಮೇದಾ, ಲಿಸ್ಸೋನೆ ಅಂತ ಅಲ್ಲಿನ ಊರುಗಳು. ಊರಿಗೆ ಊರೇ ಬಡಗಿಗಳು. ಆರ್ಡರ್ ಬಂದ ಹಾಗೆ ಇದೇ ಶೈಲಿಯಲ್ಲಿ ಮಾಡಿಕೊಟ್ಟ ಸಣ್ಣ ಕಾರ್ಖಾನೆಗಳು ಬೇಕಾದಷ್ಟಿದ್ದವು. ಚೀಟಿ ಇಲ್ಲ, ಮುದ್ರೆ ಇಲ್ಲ, ಬಿಲ್ಲೂ ಇಲ್ಲ ಅಂದರೆ ಮರ ಮತ್ತು ಕೆಲಸಕ್ಕೆ ಬೆಲೆ ಕೊಡಿ, ಹೆಸರಿಗೆ ಕೊಡಬೇಡಿ. ಎಸ್.ಎಸ್. ಪುರಂನ ಮೇಜಿನಡಿ ಒಂದು ಮಾಸಿದ ಪೆನ್ಸಿಲ್ ಅಂಕಿ ಬಿಟ್ಟರೆ ಏನೂ ಇಲ್ಲ. ಆದರೂ ಒಳ್ಳೆ ಮೇಜು.

ಮುಂದಿನದು ಹಲಗೆ. ಇಡೀ ಮರವೋ, ಮೇಲೆ ತೆಳು ಮರದ ಪದರ ಅಂಟಿಸಿದ ವೆನೀರೋ? ಅಂಚಿನಲ್ಲಿ ನೋಡಿ. ಮೇಲಿನ ಮರದ ಗೆರೆ ಅಂಚಿಗೆ ಬಂದು ಹಾಗೇ ಕೆಳಗಿಳಿದರೆ ಇಡೀ ಮರ. ಹಿತ್ತಾಳೆ ಪಟ್ಟಿ ಅಂಚನ್ನು ಮುಚ್ಚಿದ್ದರೆ ಕೆಳಗಿನಿಂದ ನೋಡಬೇಕು. ಮೇಲಿನ ಗೆರೆ, ಗಂಟು ಕೆಳಗೆ ಎಲ್ಲೂ ಕಾಣದಿದ್ದರೆ ವೆನೀರ್ ಅಂತಲೇ ತಿಳಿಯಿರಿ. ಇಂಥ ಮೇಜುಗಳಲ್ಲಿ ಬಹಳಷ್ಟು ವೆನೀರೇ. ಅದರಲ್ಲಿ ಅವಮಾನ ಏನಿಲ್ಲ. ಒಳಗೆ ಮರದ ಪಟ್ಟಿಗಳನ್ನು ಜೋಡಿಸಿ ಅಂಟಿಸಿದ ಹಲಗೆ (ಬ್ಲಾಕ್‌ಬೋರ್ಡ್), ಮೇಲೆ ಒಂದು ಮಿಲಿಮೀಟರಿನಷ್ಟೋ ಅದಕ್ಕಿಂತ ಕಡಿಮೆಯೋ ಒಳ್ಳೆ ಮರದ ಪದರ. ಅಷ್ಟು ತೆಳುವಿನ ಮೇಲೆ ಸ್ಯಾಂಡಿಂಗ್ ಮೆಷಿನ್ ಓಡಿಸಿದರೆ ಅರ್ಧ ನಿಮಿಷದಲ್ಲಿ ಒಳಗಿನ ಹಲಗೆ ಇಣುಕುತ್ತದೆ. ಆಮೇಲೆ ಅದಕ್ಕೆ ಔಷಧ ಇಲ್ಲ. ಈ ಮೇಜಿನ ಒಂದು ಮೂಲೆಯಲ್ಲಿ ಹಿಂದೆ ಯಾರೋ ಹೀಗೆ ಮಾಡಿ, ಮೇಲೆ ಕಂದು ಬಣ್ಣ ಬಳಿದು ಮುಚ್ಚಿದ್ದಾರೆ. ಅಂಗೈಯಗಲದ ಜಾಗ. ಬೆಳಕು ಓರೆಯಾಗಿ ಬಿದ್ದಾಗ ಮರದ ಗೆರೆ ಅಲ್ಲಿಗೆ ಬಂದು ಸುಮ್ನೆ ನಿಂತುಹೋಗುತ್ತದೆ.

ನಿಮ್ಮದು ಬೀಟೆ ಮರ ಅನ್ನಿಸಿದರೆ ಇನ್ನೊಂದು ಮಾತು. ಇಟಲಿಯವರು ಪಾಲಿಸಾಂದ್ರೋ ಅನ್ನುವುದು ಇದೇ ಜಾತಿಯ ಮರಗಳನ್ನು. ಬ್ರೆಜಿಲಿನದೂ ಇರಬಹುದು, ನಮ್ಮ ದೇಶದ್ದೂ ಇರಬಹುದು. ಅಳಿವಿನ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವಿದೇಶಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಅಂತ ಒಂದು ಒಪ್ಪಂದ ಇದೆ. ಬ್ರೆಜಿಲಿನ ಬೀಟೆ 1992ರಿಂದ ಅದರ ಅತಿ ಕಟ್ಟುನಿಟ್ಟಿನ ಒಂದನೇ ಪಟ್ಟಿಯಲ್ಲಿದೆ. 2017ರಿಂದ ಬೀಟೆಯ ಇಡೀ ಕುಲವೇ ಎರಡನೇ ಪಟ್ಟಿಗೆ ಸೇರಿದೆ. ಮೇಜನ್ನು ಹೊರದೇಶಕ್ಕೆ ಮಾರುವ, ಮಗಳ ಮನೆಗೆ ಕಳಿಸುವ ಯೋಚನೆ ಇದ್ದರೆ ಕಾಗದಪತ್ರ ಮೊದಲೇ ವಿಚಾರಿಸಿ. ಬೀಟೆಯ ಪುಡಿ ಕೆಲವರ ಮೈಗೆ ಆಗಿಬರುವುದಿಲ್ಲ, ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ.

ಇನ್ನು ಪಾಲಿಶ್ ಯಾವುದು ಅಂತ ಪತ್ತೆ ಮಾಡಬೇಕು. ಕಾಣದ ಜಾಗದಲ್ಲಿ, ಹಲಗೆಯ ಕೆಳ ಅಂಚಿನಲ್ಲಿ, ಹತ್ತಿ ಕಡ್ಡಿಯಿಂದ ಒಂದು ತೊಟ್ಟು ಸ್ಪಿರಿಟ್ ಇಡಿ. ಅರ್ಧ ನಿಮಿಷ ಬಿಟ್ಟು ಮುಟ್ಟಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ಅಂದರೆ ಫ್ರೆಂಚ್ ಪಾಲಿಶ್. ಏನೂ ಆಗದಿದ್ದರೆ ಒಂದು ತೊಟ್ಟು ಥಿನ್ನರ್. ಅದಕ್ಕೆ ಕರಗಿದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಾಲಿಯೆಸ್ಟರ್ ಥರದ ಗಟ್ಟಿ ಲೇಪ. ಹೆಚ್ಚಾಗಿ ಆಮೇಲೆ ಯಾರೋ ಹಾಕಿಸಿದ್ದು, ಅದನ್ನು ಮನೆಯಲ್ಲಿ ಮುಟ್ಟಲು ಹೋಗಬೇಡಿ.

ಅರಗಿನ ಪಾಲಿಶ್ ಆಗಿದ್ದರೆ ಖುಷಿಪಡಿ. ಹಳೆಯದರ ಮೇಲೆ ಹೊಸದು ಕರಗಿ ಒಂದಾಗಿ ಬೆರೆಯುತ್ತದೆ. ಹಳೆಯದನ್ನು ಕೆರೆದು ತೆಗೆಯುವ ಪ್ರಮೇಯವೇ ಬರುವುದಿಲ್ಲ. ಅದರ ದೊಡ್ಡ ಶತ್ರುಗಳು ಬಿಸಿ ಮತ್ತು ಸ್ಪಿರಿಟ್. ಕೊರೊನಾ ಬಂದ ಮೇಲೆ ಊಟದ ಮೇಜಿನ ಮೇಲೆ ಸ್ಯಾನಿಟೈಸರ್ ಬಾಟಲಿ ಇಡುವ ಅಭ್ಯಾಸ ಆಯಿತು ನೋಡಿ, ಅದರಿಂದ ಎಷ್ಟು ಹಳೆ ಮೇಜಿನ ಮುಖದಲ್ಲಿ ತೊಟ್ಟು ತೊಟ್ಟಾಗಿ ಕಲೆ ಎದ್ದಿತೋ!

ಕಲೆಯ ಬಣ್ಣ ನೋಡಿ ಮದ್ದು. ಬಿಳಿ ವೃತ್ತ ಇದ್ದರೆ ಅದು ಬಿಸಿ ಪಾತ್ರೆಯದು, ತೇವ ಪಾಲಿಶಿನೊಳಗೆ ಸಿಕ್ಕಿಕೊಂಡಿದೆ. ಹೇರ್ ಡ್ರೈಯರ್ ಅನ್ನು ದೂರದಿಂದ, ಸಣ್ಣ ಬಿಸಿಯಲ್ಲಿ ಆಡಿಸಿ. ಹೋಗದಿದ್ದರೆ ಬಟ್ಟೆಗೆ ಸ್ಪಿರಿಟ್ ತಾಕಿಸಿ, ಹಿಂಡಿ, ಬಹುತೇಕ ಒಣಗಿದ ಮೇಲೆ ಮೇಲಿಂದ ಒಂದೇ ಸಲ ಹಾಯಿಸಿ. ನಿಲ್ಲಿಸಬೇಡಿ, ನಿಲ್ಲಿಸಿದ ಜಾಗದಲ್ಲಿ ಬಟ್ಟೆ ಅಂಟುತ್ತದೆ. ಕಪ್ಪು ಕಲೆ ಬೇರೆ ಕಥೆ. ನೀರು, ಕಬ್ಬಿಣ ಮತ್ತು ಮರದ ಒಗರು ಸೇರಿ ಆಗಿದ್ದು, ಮರದೊಳಗೇ ಇದೆ. ಅದಕ್ಕೆ ಆಕ್ಸಾಲಿಕ್ ಆಸಿಡ್ ಬೇಕು. ಮೊಸಾಯಿಕ್ ನೆಲ ಪಾಲಿಶ್ ಮಾಡುವವರ ಹತ್ತಿರ ಇರುವ ಬಿಳಿ ಪುಡಿ ಅದೇ. ಅದು ವಿಷ. ಕೈಗವಸು ಹಾಕಿ, ಮಕ್ಕಳನ್ನು ದೂರ ಇಡಿ, ಕಲೆಯ ಮೇಲೆ ಮಾತ್ರ ಬ್ರಷ್ಷಿನಲ್ಲಿ ಹಚ್ಚಿ, ತಿಳಿಯಾದ ಮೇಲೆ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ. ಇದನ್ನು ಮಾಡುವ ಮುಂಚೆ ಹತ್ತಿರದ ಹಿತ್ತಾಳೆ ಬಿಚ್ಚಿರಬೇಕು.

ಇಲ್ಲಿಗೆ ಹಿತ್ತಾಳೆಗೆ ಬಂದೆವು. ನಾನು ಜಾಸ್ತಿ ಹೊತ್ತು ಕಳೆಯುವುದು ಇಲ್ಲೇ.

ಅಯಸ್ಕಾಂತ ಹಿಡಿದು ನೋಡಿ. ಹಿಡಿದುಕೊಂಡರೆ ಒಳಗೆ ಕಬ್ಬಿಣ, ಮೇಲೆ ಹಿತ್ತಾಳೆಯ ಲೇಪ ಅಷ್ಟೇ. ಅದನ್ನು ಉಜ್ಜಿದರೆ ಲೇಪವೇ ಹೋಗುತ್ತದೆ, ಒಣ ಬಟ್ಟೆಯಲ್ಲಿ ಒರೆಸಿ ಬಿಟ್ಟುಬಿಡಿ. ಹಿಡಿಯದಿದ್ದರೂ ಪೂರ್ತಿ ನಂಬಬೇಡಿ, ಸತುವಿನ ಎರಕದ ಮೇಲೂ ಲೇಪ ಹಾಕುತ್ತಾರೆ. ಒಳಗಡೆ ಕಾಣದ ಕಡೆ ಸೂಜಿಯಿಂದ ಸಣ್ಣ ಗೀರು ಹಾಕಿ. ಗೀರಿನೊಳಗೂ ಹಳದಿ ಇದ್ದರೆ ಅದು ಹಿತ್ತಾಳೆ.

ಆಮೇಲೆ ಒಂದು ತೊಟ್ಟು ನಿಂಬೆರಸ. ಇದೂ ಕಾಣದ ಕಡೆಯೇ. ಒಂದು ನಿಮಿಷದಲ್ಲಿ ಅಲ್ಲಿ ಹೊಳಪು ಬಂದರೆ ಹಿತ್ತಾಳೆ ಬರಿಮೈಯಲ್ಲಿದೆ. ಏನೂ ಬದಲಾಗದಿದ್ದರೆ ಮೇಲೆ ಪಾರದರ್ಶಕ ಲ್ಯಾಕರ್ ಇದೆ. ಲ್ಯಾಕರ್ ಇದ್ದೂ ಅಲ್ಲಲ್ಲಿ ಜೇಡರ ಬಲೆಯ ಹಾಗೆ ಕಪ್ಪು ಗೆರೆ ಹರಿದಿದ್ದರೆ ಲ್ಯಾಕರ್ ಒಡೆದಿದೆ ಅಂತ. ಅದನ್ನು ಥಿನ್ನರಿನಿಂದ ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಎಷ್ಟು ಉಜ್ಜಿದರೂ ಆ ಗೆರೆ ಹೋಗುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ, ಬರಿಮೈ ಹಿತ್ತಾಳೆ ಸಮವಾಗಿ ಜೇನಿನ ಬಣ್ಣಕ್ಕೋ ಕಂದುಬಣ್ಣಕ್ಕೋ ತಿರುಗಿದ್ದರೆ, ನನ್ನ ಸಲಹೆ ಏನೂ ಮಾಡಬೇಡಿ. ಮೇಣ ಹಚ್ಚಿ, ಮೃದು ಬಟ್ಟೆಯಲ್ಲಿ ಒರೆಸಿ. ಗಿರಾಕಿಗಳು ಇದನ್ನು ಒಪ್ಪುವುದಿಲ್ಲ. ದುಡ್ಡು ಕೊಟ್ಟಿದ್ದೇವೆ, ಹೊಳೆಯಬೇಕು ಅಂತಾರೆ. ಆದರೆ ಎಪ್ಪತ್ತು ವರ್ಷದ ವಾಲ್‌ನಟ್ ಪಕ್ಕದಲ್ಲಿ ಹೊಸ ಕೊಳಾಯಿ ಥರ ಹೊಳೆಯುವ ಪಟ್ಟಿ ಕಣ್ಣಿಗೆ ಚುಚ್ಚುತ್ತದೆ. ಹೊರಗೆ ಮಾರುವಾಗಲೂ ಉಜ್ಜಿ ಬೆಳಗಿಸಿದ ಮೇಜಿಗಿಂತ ಉಜ್ಜದ ಮೇಜನ್ನೇ ತಿಳಿದವರು ಕೇಳುತ್ತಾರೆ.

ಕಿಲುಬು ಇದ್ದರೆ ಮಾತ್ರ ಬಿಡುವ ಹಾಗಿಲ್ಲ. ನಮ್ಮ ಮನೆಗಳಲ್ಲಿ ಕಿಲುಬು ಹಿಡಿಯುವ ಜಾಗ ಒಂದೇ, ಕಾಲಿನ ತುದಿ. ಒನಕೆಯ ತುದಿಗೆ ಕಬ್ಬಿಣದ ಅಣಸು ಹಾಕುತ್ತಾರಲ್ಲ, ಹಾಗೆ ಈ ಕಾಲುಗಳಿಗೆ ಹಿತ್ತಾಳೆಯ ಅಣಸು ಇರುತ್ತದೆ. ಇಟಲಿಯಲ್ಲಿ ಮಾಡಿದವರಿಗೆ ನಮ್ಮ ಮನೆಯಲ್ಲಿ ದಿನಾ ಬೆಳಗ್ಗೆ ನೆಲಕ್ಕೆ ನೀರು ಹಾಕಿ ಒರೆಸುತ್ತಾರೆ ಅಂತ ಏನು ಗೊತ್ತು? ಒರೆಸುವ ಬಟ್ಟೆಯ ನೀರು ಅಣಸಿನೊಳಗೆ ಏರುತ್ತದೆ, ಮರ ಕುಡಿಯುತ್ತದೆ, ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ನಿಲ್ಲುತ್ತದೆ. ಮೇಲಿಂದ ನಮ್ಮ ಬೋರ್‌ವೆಲ್ ನೀರು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಎಲ್ಲ ಕಡೆ ಗಡಸು ನೀರೇ. ಈ ಮೇಜಿನ ಒಂದು ಅಣಸನ್ನು ಬಿಚ್ಚಿದಾಗ ಒಳಗೆ ಹಸಿರು ಕಿಲುಬು, ಅದರ ಮೇಲೆ ಸುಣ್ಣದಂಥ ಬಿಳಿ ಪೊರೆ, ಮರದ ತುದಿ ಬೆರಳಲ್ಲಿ ಒತ್ತಿದರೆ ಒದ್ದೆ ರಸ್ಕಿನಂತೆ ಉದುರಿತು.

ಬಿಚ್ಚುವುದು ಹೀಗೆ. ಸಣ್ಣ ಮೊಳೆಯೋ ಸ್ಕ್ರೂವೋ ಇದ್ದರೆ ಮೊದಲು ಅದನ್ನು ತೆಗೆಯಿರಿ. ಹಿತ್ತಾಳೆ ಸ್ಕ್ರೂ ಮೆತ್ತಗೆ, ಸೀಳಿಗೆ ಸರಿಯಾಗಿ ಕೂರುವ ಅಗಲದ ಸ್ಕ್ರೂಡ್ರೈವರ್ ಬೇಕು. ಜಾರಿತೋ ತಲೆ ಹಾಳು. ಜಗ್ಗದಿದ್ದರೆ ಬಿಸಿ ಮಾಡಿದ ಸಾಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಸ್ವಲ್ಪ ಹೊತ್ತು ಒತ್ತಿ, ತಣ್ಣಗಾದ ಮೇಲೆ ತಿರುಗಿಸಿ. ಅಣಸನ್ನು ಮರದ ತುಂಡು ಇಟ್ಟು ಸುತ್ತಲೂ ಮೆಲ್ಲಗೆ ತಟ್ಟುತ್ತ ಕೆಳಗಿಳಿಸಿ. ಇಕ್ಕಳ ಹಾಕಬೇಡಿ.

ಬಿಚ್ಚಿ ಮರದಿಂದ ದೂರ ಇಟ್ಟ ಮೇಲೆ ಹುಣಸೆಹಣ್ಣು ತೆಗೆದುಕೊಳ್ಳಿ, ನಾನೇನು ಬೇಡ ಅನ್ನುವುದಿಲ್ಲ. ಹುಣಸೆಹಣ್ಣಿನ ದೊಡ್ಡ ಮಾರುಕಟ್ಟೆ ಇರುವ ಊರಿನವಳು ಬೇಡ ಅಂದರೆ ಯಾರು ನಂಬುತ್ತಾರೆ? ಆದರೆ ಉಪ್ಪು ಹಾಕಬೇಡಿ. ಉಪ್ಪಿನ ಕ್ಲೋರೈಡ್ ಸಂದಿಗಳಲ್ಲಿ ಉಳಿದರೆ ಮಳೆಗಾಲದಲ್ಲಿ ಮತ್ತೆ ಕಿಲುಬು ಏಳುತ್ತದೆ. ಹುಣಸೆ ನೆನೆಸಿ, ಗಟ್ಟಿ ರಸ ಹಚ್ಚಿ, ಒಂದೆರಡು ನಿಮಿಷ ಬಿಟ್ಟು, ಬಿದಿರು ಕಡ್ಡಿಯಿಂದ ಕಿಲುಬನ್ನು ಕೆರೆದು ತೊಳೆಯಿರಿ. ಜಾಸ್ತಿ ಹೊತ್ತು ಬಿಟ್ಟರೆ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹುಳಿಗೆ ಸತು ಮೊದಲು ಬಿಟ್ಟುಹೋಗಿ ತಾಮ್ರ ಮೇಲ್ಮೈಯಲ್ಲಿ ಉಳಿಯುತ್ತದೆ. ತೊಳೆದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಒಮ್ಮೆ, ಫಿಲ್ಟರ್ ನೀರಿನಲ್ಲಿ ಒಮ್ಮೆ ಅದ್ದಿ. ತಕ್ಷಣ ಒರೆಸಿ, ಬಿಸಿಲಿಗೆ ಇಡಿ.

ಅಂಗಡಿಯಲ್ಲಿ ಸಿಗುವ ಲೋಹದ ಪಾಲಿಶ್ ಬಳಸುವವರು ಡಬ್ಬಿಯ ಹಿಂದೆ ಅಮೋನಿಯಾ ಅಂತ ಇದೆಯಾ ನೋಡಿ. ಕೆಲವು ಗಾಜು ಒರೆಸುವ ದ್ರಾವಣಗಳಲ್ಲೂ ಇರುತ್ತದೆ. ಬಗ್ಗಿಸಿ ಮಾಡಿದ ಹಿತ್ತಾಳೆಗೆ ಅಮೋನಿಯಾ ಆಗುವುದಿಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲಿ ಮಳೆಗಾಲ ಮುಗಿಯುವ ತನಕ ಬಂದೂಕಿನ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರಂತೆ. ತೆಗೆದು ನೋಡಿದರೆ ಹಿತ್ತಾಳೆ ಕವಚ ಸೀಳಿರುತ್ತಿತ್ತು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ ಕಾರಣ ಅಂತ 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ಕುದುರೆ ಫಾರ್ಮ್ ಇರುವ ಕುಣಿಗಲ್ಲಿನ ಗಿರಾಕಿಯೊಬ್ಬರಿಗೆ ಇದನ್ನು ಹೇಳಿದಾಗಿನಿಂದ ಅವರು ಮೇಜಿನ ಹತ್ತಿರ ಗಾಜು ಒರೆಸುವ ಸ್ಪ್ರೇ ತರುವುದನ್ನೇ ಬಿಟ್ಟಿದ್ದಾರೆ.

ಮರದ ತುದಿ ಪೂರ್ತಿ ಒಣಗಲಿ, ಅವಸರ ಬೇಡ. ಉದುರುವ ಭಾಗ ಕೆತ್ತಿ ತೆಗೆದು, ಅದೇ ಜಾತಿಯ ಮರದ ತುಂಡು ಕೂರಿಸಿ. ತುದಿಗೆ ಅರಗಿನ ಪಾಲಿಶ್ ಎರಡು ಕೈ ಕುಡಿಸಿ, ಮೇಣ ಹಚ್ಚಿ, ಆಮೇಲೆ ಅಣಸು ತೊಡಿಸಿ. ಅಣಸಿನ ಕೆಳಗೆ ಫೆಲ್ಟ್ ಅಂಟಿಸಬೇಡಿ, ಅದು ನೆಲದ ನೀರನ್ನು ಹೀರಿ ಅಲ್ಲೇ ಇಟ್ಟುಕೊಳ್ಳುತ್ತದೆ. ತೆಳು ನೈಲಾನ್ ಬಿಲ್ಲೆ ಒಳ್ಳೆಯದು. ಕೂಡಿಕೆ ಸಡಿಲವಾಗಿದ್ದರೆ ಹಳೆ ಅಂಟು ಯಾವುದು ನೋಡಿ. ಬಿಸಿ ನೀರಿಗೆ ಮೆತ್ತಗಾದರೆ ಅದು ಪ್ರಾಣಿಯ ಅಂಟು, ಸರೇಸು. ಅದಕ್ಕೆ ಸರೇಸೇ ಹಾಕಿ. ಫೆವಿಕಾಲ್ ಹಳೆ ಸರೇಸಿನ ಮೇಲೆ ಸರಿಯಾಗಿ ಹಿಡಿಯುವುದಿಲ್ಲ, ಹಿಡಿದರೆ ಮುಂದಿನವರಿಗೆ ಬಿಚ್ಚಲು ಆಗುವುದಿಲ್ಲ.

ಅಂಚಿನ ಪಟ್ಟಿಯ ಬಗ್ಗೆ ಫೋನ್ ಬರುವುದು ಯಾವಾಗಲೂ ಮಾರ್ಚ್, ಏಪ್ರಿಲ್‌ನಲ್ಲಿ. ಪಟ್ಟಿ ಮೂಲೆಯಲ್ಲಿ ಎದ್ದಿದೆ, ಸೀರೆಗೆ ಸಿಕ್ಕುತ್ತಿದೆ, ಮೊಳೆ ಹೊಡೆಸಲಾ ಅಂತ. ಹೊಡೆಸಬೇಡಿ. ನಮ್ಮ ಬಯಲುಸೀಮೆಯ ಒಣ ಗಾಳಿಗೆ ಇಡೀ ಮರದ ಹಲಗೆ ಅಡ್ಡಕ್ಕೆ ಕೆಲವು ಮಿಲಿಮೀಟರ್ ಕುಗ್ಗುತ್ತದೆ. ಹಿತ್ತಾಳೆ ಕುಗ್ಗುವುದಿಲ್ಲ, ಬಿಸಿಲಿಗೆ ಕೂದಲೆಳೆಯಷ್ಟು ಹಿಗ್ಗುತ್ತದೆ. ಆಗ ಪಟ್ಟಿ ಉದ್ದವಾಗಿ ಮೂಲೆಯಲ್ಲಿ ಏಳುತ್ತದೆ. ಅಲ್ಲಿ ಮೊಳೆ ಬಿಗಿದರೆ ಮಳೆ ಬಂದು ಮರ ಹಿಗ್ಗಿದಾಗ ಸೀಳುವುದು ಮರ. ಸದ್ಯಕ್ಕೆ ಮೂಲೆಗೆ ಕಾಗದದ ಟೇಪು ಸುತ್ತಿ. ಮಳೆ ಹಿಡಿದ ಮೇಲೆ ನೋಡಿ, ಎಷ್ಟೋ ಸಲ ತಾನೇ ಕೂರುತ್ತದೆ. ಕೂರದಿದ್ದರೆ ಪಟ್ಟಿ ಬಿಚ್ಚಿ, ಸ್ಕ್ರೂ ತೂತನ್ನು ಉದ್ದುದ್ದಕ್ಕೆ ಒಂಚೂರು ಅರದಿಂದ ಅಗಲಿಸಿ, ಮತ್ತೆ ಹಾಕಬೇಕು. ಹಾಕುವಾಗ ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ತಿರುಗಿಸಿ ದಾರಿ ಮಾಡಿ, ತೆಗೆದು, ಹಿತ್ತಾಳೆ ಸ್ಕ್ರೂಗೆ ಮೇಣ ಸವರಿ ಕೂರಿಸಿ.

ಪಾಲಿಶ್ ಕೆಲಸವನ್ನೂ ಗಾಳಿ ನೋಡಿಯೇ ಮಾಡಬೇಕು. ಮೋಡ ಕವಿದ ದಿನ ಅರಗಿನ ಪಾಲಿಶ್ ಹಾಕಿದರೆ ಬೆಳ್ಳಗೆ ಮಂಜು ಹಿಡಿಯುತ್ತದೆ. ಜನವರಿಯಿಂದ ಏಪ್ರಿಲ್ ಒಳಗೆ ಮಾಡಿ ಮುಗಿಸಿ. ಅರ್ಧ ಲೀಟರ್ ಸ್ಪಿರಿಟಿಗೆ 60 ಗ್ರಾಂ ಅರಗಿನ ಚಕ್ಕೆ, ರಾತ್ರಿಯಿಡೀ ಬಿಟ್ಟು ಸೋಸಿ. ಹಳೆ ಮಲ್ ಪಂಚೆಯ ತುಂಡಿನೊಳಗೆ ಹತ್ತಿ ಇಟ್ಟು ಉಂಡೆ ಕಟ್ಟಿ, ಅದ್ದಿ ಹಿಂಡಿ, ಗೆರೆಯ ಉದ್ದಕ್ಕೆ ತೆಳ್ಳಗೆ ಎಳೆಯಿರಿ. ಒಂದು ಕೈ ಒಣಗಿದ ಮೇಲೆ ಇನ್ನೊಂದು. ಒಲೆ, ದೀಪ ಹತ್ತಿರ ಇರಬಾರದು.

ಮನೆಗೆ ಹೋದ ಮೇಲೆ ಇದರ ಮೇಲೆ ಊಟ ಮಾಡಿ, ಖಂಡಿತ ಮಾಡಿ. ಬಿಸಿ ಪಾತ್ರೆಗೆ ಕೆಳಗೆ ದಪ್ಪ ಮಣೆ ಇಡಿ. ಸಾರು ಚೆಲ್ಲಿದರೆ ಆಗಲೇ ಒರೆಸಿ, ಅರಿಶಿನ ಮತ್ತು ಹುಣಸೆ ಎರಡೂ ಕಾಯುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮಾತ್ರ ಹಾಸಬೇಡಿ. ಅದನ್ನು ಮೆತ್ತಗಿಡಲು ಹಾಕಿದ ಎಣ್ಣೆಯಂಥ ರಾಸಾಯನಿಕ ಬೇಸಿಗೆಯಲ್ಲಿ ಪಾಲಿಶಿಗೆ ಇಳಿದು, ಹಾಳೆ ಎತ್ತಿದಾಗ ಪಾಲಿಶೂ ಜೊತೆಗೆ ಬರುತ್ತದೆ. ಹತ್ತಿ ಬಟ್ಟೆ ಹಾಸಿ. ಆಯುಧ ಪೂಜೆಗೆ ಕುಂಕುಮವನ್ನು ಹಿತ್ತಾಳೆಯ ಮೇಲಿಡಿ, ಮರಕ್ಕೆ ಬೇಡ, ಕೆಂಪು ಬಣ್ಣ ಮರದ ಗೆರೆಗಳೊಳಗೆ ಇಳಿದರೆ ಬರುವುದಿಲ್ಲ. ನೆಲ ಒರೆಸುವವರಿಗೆ ನಾಲ್ಕು ಕಾಲಿನ ಸುತ್ತ ಒಂದು ಗೇಣು ಜಾಗವನ್ನು ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಲು ಹೇಳಿ, ಫಿನಾಯಿಲ್ ನೀರು ಅಣಸಿಗೆ ತಾಕದಿರಲಿ. ಜೇನುಮೇಣ ಒಂದು ಪಾಲು, ಟರ್ಪೆಂಟೈನ್ ಮೂರು ಪಾಲು, ಬಿಸಿ ನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಿಕೊಳ್ಳಿ, ಉರಿಯ ಮೇಲೆ ನೇರವಾಗಿ ಇಡಬೇಡಿ. ಯುಗಾದಿಗೊಮ್ಮೆ, ದಸರಾಗೊಮ್ಮೆ ಹಚ್ಚಿದರೆ ಸಾಕು.